ವಚನ: ಪೂಜೆಯ ಗ್ರಂಥವೋ, ಓದುವ ಗ್ರಂಥವೋ?



ಆದವಾನಿ, ಆಲೂರು ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ವಚನದ ಪುಸ್ತಕ ದೇವರ ಜಗುಲಿಯ ಮೇಲಿರುತ್ತದೆ. ವಿಭೂತಿ ಹಚ್ಚಿ, ಹೂವೇರಿಸಿ ಕೈಮುಗಿಯುತ್ತೇವೆ. ಬಿಚ್ಚಿ ಓದುವುದು ಕಡಿಮೆ. ಇದು ನಮ್ಮ ಧರ್ಮಗ್ರಂಥವೇ ಎಂದರೆ ಹೌದೆನ್ನುವುದು ಸುಲಭ. ಹೌದೆಂದ ಮೇಲೆ ಬರುವ ಹೊಣೆ ಯಾವುದು ಎಂಬುದನ್ನು ವಿಚಾರಿಸೋಣ.

ವೇದಶಾಸ್ತ್ರಗಳನ್ನೇ ಅನುಭಾವದ ಒರೆಗೆ ಹಚ್ಚಿ ನೋಡಿದವರು ಶರಣರು. ಉರಿಲಿಂಗಪೆದ್ದಿಗಳಂಥವರು ಸಂಸ್ಕೃತ ಶ್ಲೋಕಗಳನ್ನು ಉದ್ಧರಿಸಿಯೇ ಮಾತಾಡಿದ್ದೂ ಉಂಟು, ಅದನ್ನು ಮರೆಮಾಚಬೇಕಿಲ್ಲ. ಆದರೆ ಓದದೆ ಕೈಮುಗಿಯಿರಿ ಎಂದು ಯಾವ ಶರಣರೂ ಹೇಳಲಿಲ್ಲ. ತಾಡವಾಲೆಯ ಕಟ್ಟುಗಳನ್ನು ಮಠಮನೆಗಳಲ್ಲಿ ಬಟ್ಟೆ ಸುತ್ತಿ ಪೂಜಿಸುತ್ತ ಬಂದದ್ದರಿಂದ ಓಲೆಗಳು ಉಳಿದವು, ನಿಜ. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅಂಥವನ್ನು ಅರಸಿ ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ ಮೇಲೆಯೇ ಮಾತು ಜನರ ಕೈಗೆ ಬಂದಿತು. ಅವರು ‘ಶಾಸ್ತ್ರ’ವೆಂದೇ ಹೆಸರಿಟ್ಟರು, ಆದರೆ ಬಿಚ್ಚಿಟ್ಟ ಶಾಸ್ತ್ರ.

ಇನ್ನೊಂದು ಹೊಣೆ, ಮಾತನ್ನು ತಿದ್ದದಿರುವುದು. ವಚನದ ಅಂಕಿತ ಇಷ್ಟದೈವದ ಹೆಸರೂ ಹೌದು, ನುಡಿದವರ ಸಹಿಯೂ ಹೌದು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಇಟ್ಟಾಗ ಸಮಾಜದಲ್ಲಿ ದೊಡ್ಡ ಕ್ಷೋಭೆಯೆದ್ದಿತು. 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪುಸ್ತಕಕ್ಕೆ ಸರ್ಕಾರದ ನಿಷೇಧ ಬೇಕಿತ್ತೇ ಎಂಬುದು ಬೇರೆ ಚರ್ಚೆ. ನಮ್ಮ ವ್ಯಾಪಾರಸ್ಥ ಭಕ್ತರಿಗೆ ವಿಷಯ ಬೇಗ ತಿಳಿದೀತು: ಹತ್ತಿಯ ತೂಕ, ದರ ಬರೆದು ಸಹಿ ಹಾಕಿದ ಪಟ್ಟಿಯಲ್ಲಿ ಮೂರನೆಯವರು ಒಂದಕ್ಷರ ತಿದ್ದಿದರೂ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಆ ಪಟ್ಟಿ ನಿಲ್ಲುವುದಿಲ್ಲ. ವಿವರಣೆ ಬೇಕಿದ್ದರೆ ಕೆಳಗೆ ಬರೆಯಲಿ.

ಹಾಗಾದರೆ ತೆಲುಗು ಲಿಪಿಯಲ್ಲಿ ವಚನ ಬರೆಯುವುದೂ ತಿದ್ದುವುದೇ? ನಮ್ಮ ಗಡಿಯಲ್ಲಿ ಇದು ಬರಿಯ ತರ್ಕವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳು ಶಾಲೆಯಲ್ಲಿ ತೆಲುಗು ಅಕ್ಷರವನ್ನೇ ಕಲಿಯುತ್ತಾರೆ. ಅವರ ಪಾಲಿಗೆ ಜಗುಲಿಯ ಪುಸ್ತಕ ಬಿಚ್ಚಿದರೂ ಮುಚ್ಚಿದಂತೆಯೇ. ಎರಡೂ ಲಿಪಿಗಳು ಅಕ್ಕತಂಗಿಯರು; ಕನ್ನಡದ ಪ್ರತಿ ಅಕ್ಷರಕ್ಕೂ ತೆಲುಗಿನಲ್ಲಿ ಜೋಡಿಯುಂಟು. ಮಾತೂ ಅಂಕಿತವೂ ಹಾಗೆಯೇ ಉಳಿದಾಗ ತಿದ್ದಿದಂತೆ ಎಲ್ಲಿ ಆಯಿತು? ಪಾಲ್ಕುರಿಕೆ ಸೋಮನಾಥರ ತೆಲುಗು ‘ಬಸವಪುರಾಣ’ವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದರು, ಬಸವಣ್ಣನವರ ಚರಿತ್ರೆಯೇ ಈ ದಾರಿಯಲ್ಲಿ ಓಡಾಡಿದೆ.

ಅನುವಾದದ ಮಾತು ಬೇರೆ. ಅದು ಅರ್ಥವನ್ನು ಕೊಡಬಲ್ಲದು, ಮೂಲದ ಜಾಗವನ್ನು ಹಿಡಿಯಲಾರದು. ಆದ್ದರಿಂದ ಮಕ್ಕಳ ಪುಸ್ತಕದಲ್ಲಿ ಮೊದಲು ಕನ್ನಡ ವಚನವನ್ನು ತೆಲುಗು ಅಕ್ಷರದಲ್ಲಿ ಬರೆಸಿರಿ, ಅದರ ಕೆಳಗೆ ತೆಲುಗು ಅರ್ಥ. ಸೋಮವಾರಕ್ಕೊಂದರಂತೆ ಹಿರಿಯರು ಬಾಯಲ್ಲಿ ಹೇಳಿಕೊಡಲಿ, ಏಕೆಂದರೆ ಉಚ್ಚಾರವನ್ನು ಯಾವ ಲಿಪಿಯೂ ಪೂರ್ತಿ ಕಲಿಸದು.