ಹಾರ್ನ್ ಎಂಜಿನ್ನಿನ ಮೇಲೇ ಇರಬೇಕೇನು?

ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಗೂಡ್ಸ್ ಗಾಡಿ ಉದ್ದಕ್ಕೂ ಹಾರ್ನ್ ಹಾಕಿಕೊಂಡು ಹೋಯಿತು. ರೂಮ್‌ಮೇಟ್ ದಿಂಬನ್ನು ಕಿವಿಗೆ ಒತ್ತಿಕೊಂಡು, "ಅಂವಗ ನಿದ್ದಿ ಇಲ್ಲಂತ ನಮ್ಮ ನಿದ್ದೀನೂ ಕೆಡಸ್ತಾನಲೇ" ಅಂದ.

ಪಾಪ, ಲೋಕೋ ಪೈಲಟ್ ಬೇಕಂತ ಮಾಡೋದಲ್ಲ. ಗೇಟಿಗೆ ಸಾಮಾನ್ಯವಾಗಿ 600 ಮೀಟರ್ ಮೊದಲೇ ಹಳಿಯ ಪಕ್ಕ 'ಡಬ್ಲ್ಯೂ/ಎಲ್' ಎಂಬ ಹಳದಿ ಫಲಕ ಇರುತ್ತದೆ. ಅದು ಕಂಡರೆ ಹಾರ್ನ್ ಹಾಕಲೇಬೇಕು. ಹುಬ್ಬಳ್ಳಿಯಿಂದ ಉಣಕಲ್, ಅಮರಗೋಳ, ನವಲೂರು ದಾಟಿ ಧಾರವಾಡಕ್ಕೆ ಹೋಗುವ ಹಳಿಯ ಪಕ್ಕ ಈಗ ಎಷ್ಟು ಮನೆ ಎದ್ದಿವೆ ಅಂತ ನಿಮಗೇ ಗೊತ್ತು.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 100 ಕಿ.ಮೀ. ವೇಗದ ಗಾಡಿಗೆ 600 ಮೀಟರ್ ದಾಟಲು ಸುಮಾರು 22 ಸೆಕೆಂಡ್ ಬೇಕು. ಅಮೆರಿಕದ ನಿಯಮದಂತೆ ಎಂಜಿನ್ನಿನ ಮುಂದೆ ಸುಮಾರು 30 ಮೀಟರ್ ದೂರದಲ್ಲಿ ಹಾರ್ನಿನ ಸದ್ದು ಕನಿಷ್ಠ 96 ಡೆಸಿಬಲ್ ಇರಬೇಕು, ಅದನ್ನೇ ಹಿಡಿಯೋಣ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. 600 ಅಂದರೆ 30ರ 20 ಪಟ್ಟು. 20ರ ಲಾಗ್ ಅನ್ನು 20ರಿಂದ ಗುಣಿಸಿದರೆ 26. ಅಂದರೆ ಗೇಟಿನಲ್ಲಿ ನಿಂತವನಿಗೆ ಮೊದಲು ಕೇಳುವುದು ಬರೀ 70 ಡೆಸಿಬಲ್. ಹೆಲ್ಮೆಟ್ ಹಾಕಿ, ಬೈಕ್ ಚಾಲೂ ಇಟ್ಟವನಿಗೆ ಅದೇನೂ ದೊಡ್ಡದಲ್ಲ. ಎಂಜಿನ್ನಿನ ಬದಿಗೆ ಸದ್ದು ತುಸು ಕಡಿಮೆ ಅಂತಿಟ್ಟುಕೊಂಡರೂ, ಹಳಿ ಪಕ್ಕದ ಮನೆಯ ತೊಟ್ಟಿಲಲ್ಲಿರುವ ಕೂಸಿಗೆ ಅದಕ್ಕಿಂತ ಎಷ್ಟೋ ಜೋರು. ನೋಡ್ರಿ, ಎಚ್ಚರಿಕೆ ಬೇಕಾದವನಿಗೆ ಕಡಿಮೆ, ಬೇಡಾದವರಿಗೆ ಹೆಚ್ಚು! 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. ಅದು ಸರಾಸರಿ ಲೆಕ್ಕ, ನೇರವಾಗಿ ಹೋಲಿಸುವ ಹಾಗಿಲ್ಲ. ಆದರೆ ನಿದ್ದೆ ಸರಾಸರಿ ನೋಡಿ ಕೆಡೋದಿಲ್ಲ.

ಹಾರ್ನನ್ನು ಗೇಟಿನ ಕಂಬಕ್ಕೇ ಏರಿಸಿ, ಬಾಯಿ ರಸ್ತೆಯತ್ತ ತಿರುಗಿಸಿದರೆ? ಇದೇ ವೇಸೈಡ್ ಹಾರ್ನ್. ಅಮೆರಿಕದಲ್ಲಿ 2005ರಲ್ಲಿ ಜಾರಿಗೆ ಬಂದ ನಿಯಮ ಎಂಜಿನ್ ಹಾರ್ನಿನ ಬದಲು ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಗಾಡಿ ಸಮೀಪಿಸಿದ್ದು ಹಳಿಯ ಸರ್ಕಿಟ್‌ನಿಂದ ತಿಳಿದು ಅದು ತಾನೇ ಊದುತ್ತದೆ. ಕೆಟ್ಟರೆ? ಊದುತ್ತಿದೆ ಎಂದು ಪೈಲಟ್‌ಗೆ ತೋರಿಸುವ ದೀಪ ಇರುತ್ತದೆ. ದೀಪ ಕಾಣದಿದ್ದರೆ ಅವರು ತಮ್ಮ ಹಾರ್ನ್ ಹಾಕುತ್ತಾರೆ. ನನಗೆ ಹಿಡಿಸಿದ್ದು ಈ ದೀಪವೇ.

ನಮ್ಮಲ್ಲಿ ಇಂಟರ್‌ಲಾಕ್ ಆದ ಗೇಟು ಮುಚ್ಚದೆ ಗಾಡಿಗೆ ಹಸಿರು ಸಿಗ್ನಲ್ ಸಿಗುವುದಿಲ್ಲ. ಮತ್ತೆ ಹಾರ್ನ್ ಯಾಕ? ಯಾಕಂದ್ರ ನಾವು ಬೈಕ್ ಓರೆ ಮಾಡಿ ಗೇಟಿನ ಅಡಿ ನುಸುಳ್ತೀವಿ. ಬ್ರೇಕ್ ಹಾಕಿದರೂ ಗಾಡಿ ನೂರಾರು ಮೀಟರ್ ಹೋಗಿಯೇ ನಿಲ್ಲುತ್ತದೆ. ನುಸುಳಿದವನಿಗೆ ಆ ಹಾರ್ನ್ ಒಂದೇ ಗತಿ. ಕೆಳಸೇತುವೆ ಕಟ್ಟಿದರೆ ಗೇಟೂ ಇಲ್ಲ, ಫಲಕವೂ ಇಲ್ಲ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಕಟ್ಟಬೇಕಷ್ಟೇ, ಅದು ಸಿವಿಲ್‌ನವರ ಪಾಲಿಗೆ.