ಚೌಕಾಬಾರ ಆಡೋಣ ಬನ್ನಿ

ಅಕ್ಕಂದಿರೇ, ಅಣ್ಣಂದಿರೇ, ಈ ಪಾಠ ಓದಲು ಸ್ಲೇಟು ಬೇಡ. ನಾಲ್ಕು ಹುಣಸೆ ಬೀಜ, ಒಂದು ಚೂರು ಸೀಮೆಸುಣ್ಣ ಇದ್ದರೆ ಸಾಕು.

ಚೌಕಾಬಾರ ನಮ್ಮ ಚೋರನೂರಿಗೆ ಹೊಸದಲ್ಲ. ಗುಡಿ ಕಟ್ಟೆ, ಮನೆ ಪಡಸಾಲೆ, ಎಲ್ಲಿ ಬೇಕಾದರೂ ಮನೆ ಬರೆದು ಆಡಬಹುದು. ಆದರೂ ಕಲಿಕಾ ಕೇಂದ್ರದಲ್ಲಿ ಆಡೋಣ ಎಂದರೆ ಕೆಲವರು ಮುಖ ಸಿಂಡರಿಸುತ್ತಾರೆ. "ಓದೋಕ ಬಂದೀವಿ, ಆಡೋಕ ಅಲ್ರೀ" ಅಂತಾರೆ. ಹಿರಿಯರು ಇನ್ನೂ ಒಂದು ಮಾತು ಸೇರಿಸುತ್ತಾರೆ: "ಧರ್ಮರಾಯ ಪಗಡೆ ಆಡಿ ರಾಜ್ಯ ಕಳಕೊಂಡ. ನಮಗ್ಯಾಕ ಬೇಕು?"

ಮಾತು ಸುಳ್ಳಲ್ಲ. ಆದರೆ ಧರ್ಮರಾಯನನ್ನು ಕೆಡಿಸಿದ್ದು ಪಣ. ಅವನು ರಾಜ್ಯ ಒಡ್ಡಿದ, ತಮ್ಮಂದಿರನ್ನು ಒಡ್ಡಿದ, ದ್ರೌಪದಿಯನ್ನೂ ಒಡ್ಡಿದ. ನಮ್ಮ ಆಟದಲ್ಲಿ ಪಣ ಇಲ್ಲ. ಹತ್ತು ಪೈಸೆಯೂ ಇಲ್ಲ, ಒಂದು ಬೀಡಿಯೂ ಇಲ್ಲ. ದುಡ್ಡು ಇಟ್ಟು ಆಡಿದರೆ ಅದು ಜೂಜು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅದು ತಪ್ಪು. ಕೂಲಿ ದುಡ್ಡು ಇಸ್ಪೀಟಿನ ಪಾಲಾದ ಮನೆಗಳ ಕಷ್ಟ ನಿಮಗೂ ಗೊತ್ತು.

ಈ ಆಟಗಳಿಗೆ ದೊಡ್ಡ ವಯಸ್ಸಿದೆ. ಹಂಪಿಗೆ ಹೋದಾಗ ಎಲ್ಲರೂ ತಲೆ ಎತ್ತಿ ಗೋಪುರ ನೋಡುತ್ತೇವೆ. ಒಂದು ಸಲ ತಲೆ ತಗ್ಗಿಸಿ ನೆಲವನ್ನೂ ನೋಡಿ. ಮಂಟಪಗಳ ಹಾಸುಗಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳಿವೆ. ಅಳಗುಳಿ ಮಣೆಯ ಕುಳಿಗಳಿವೆ. ಕೆತ್ತಿದವರು ಹೆಸರು ಬರೆದಿಲ್ಲ. ಬಿಸಿಲಿಗೆ ನೆರಳು ಹುಡುಕಿ ಕೂತವರೇ ಕೆತ್ತಿರಬೇಕು ಅನ್ನೋದು ನಮ್ಮ ಊಹೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಎಷ್ಟೋ ಹೊಸ ಮಣೆ ಆಟಗಳನ್ನು ತಾವೇ ಕಟ್ಟಿದರು. ಈಗ ಮಕ್ಕಳು ಮೊಬೈಲಿನಲ್ಲಿ ಆಡುವ ಲೂಡೋ ಕೂಡ ನಮ್ಮ ದೇಶದ ಪಚ್ಚೀಸಿಯಿಂದ ಹುಟ್ಟಿದ್ದು. 1896ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಈಗ ಆಟಕ್ಕೆ ಬರೋಣ. ಸಾಲಿಗೆ 5 ಮನೆಯಂತೆ 5 ಸಾಲು ಬರೆಯಿರಿ. ಒಟ್ಟು 25 ಮನೆ. ನಾಲ್ಕು ಬದಿಯ ನಡುಮನೆಗೆ ಮತ್ತು ಒಳಗಿನ ನಡುಮನೆಗೆ ಕತ್ತರಿ ಗುರುತು ಹಾಕಿ. ಇವು ಕಟ್ಟೆ ಮನೆ. ಕಟ್ಟೆ ಮೇಲೆ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನಾಲ್ಕು ಜನ, ತಲೆಗೆ 4 ಕಾಯಿ. ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಮಗ್ಗಲು ಕಲ್ಲಿಗೆ ತೇಯಿರಿ, ಬೆಳ್ಳಗಾಗುತ್ತದೆ. ಎಸೆದಾಗ ಎಷ್ಟು ಬಿಳುಪು ಮೇಲೆ ಬಿತ್ತೋ ಅಷ್ಟು ಹೆಜ್ಜೆ. ನಾಲ್ಕೂ ಬಿಳುಪಾದರೆ ಚೌಕಾ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರಾ, ಅಂದರೆ 8. ಚೌಕಾ ಬಿದ್ದರೂ ಬಾರಾ ಬಿದ್ದರೂ ಮತ್ತೆ ಎಸೆಯಬಹುದು. ಕಾಯಿ ಹೊರಸುತ್ತಿನ ಮನೆ ದಾಟಿ, ಒಳಸುತ್ತು ಸುತ್ತಿ, ನಡುಮನೆ ಸೇರಿದರೆ ಹಣ್ಣಾಯಿತು. ಊರಿಂದ ಊರಿಗೆ ನಿಯಮ ಸ್ವಲ್ಪ ಬೇರೆ. ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ.

ಜಗಳ ಅಂದೆವು. ನಿಜ ಹೇಳಬೇಕೆಂದರೆ ಸಣ್ಣ ಜಗಳ ಆಗಬೇಕು. ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆಯನ್ನು ನೆನೆಯಿರಿ. ಓಣಿಯಲ್ಲಿ ಯಾರ ಪರಿಚಯವೂ ಇಲ್ಲ. ಕೇಂದ್ರಕ್ಕೆ ಬಂದರೂ ಹಿಂದಿನ ಸಾಲಿನಲ್ಲೇ ಕೂರುತ್ತಾಳೆ. ಹೆಸರು ಕೇಳಿದರೆ ಸೆರಗು ಬಾಯಿಗೆ ಹೋಗುತ್ತದೆ. ಆದರೆ ಆಟದಲ್ಲಿ ಸುಮ್ಮನಿದ್ದರೆ ಸೋಲು. ಎದುರಿನ ಹಿರಿಯಾಕೆ ಮೂರು ಬಿದ್ದಾಗ ನಾಲ್ಕು ಹೆಜ್ಜೆ ನಡೆಸಿದರೆ, ಅವಳು ಬಾಯಿ ಬಿಡಲೇಬೇಕು: "ಅತ್ತಿ, ನಿಮಗ ಮೂರು ಬಿದ್ದೈತಿ, ನಾಕಲ್ರೀ." ಎಲ್ಲರೂ ಬಗ್ಗಿ ಎಣಿಸುತ್ತಾರೆ. ಮೂರೇ! ಅತ್ತಿ ನಗುತ್ತಾ ಕಾಯಿ ಹಿಂದಕ್ಕೆ ಇಡುತ್ತಾಳೆ.

ಹಿರಿಯರ ಲೆಕ್ಕ ತಪ್ಪು ಎಂದು ನಾಲ್ಕು ಜನರ ಮುಂದೆ ಮರ್ಯಾದೆಯಿಂದ ಹೇಳೋದು ಸಣ್ಣ ಕೆಲಸವಲ್ಲ. ಅದೇ ನಾಲಿಗೆ ಮುಂದೆ ಸಂಘದ ಪಾಸ್‌ಬುಕ್ಕಿನಲ್ಲಿ ಹೋದ ವಾರದ ಉಳಿತಾಯ ಏರಿಲ್ಲ ಎಂದು ಕೇಳುತ್ತದೆ. ರೇಷನ್ ಅಂಗಡಿಯ ತಕ್ಕಡಿ ಮುಂದೆಯೂ ಕೇಳುತ್ತದೆ. ಆಟದಲ್ಲಿ ಕಾಯಿ ಕಡಿದವಳೇ ಮರುದಿನ ಹಿಟ್ಟು ಸಾಲ ಕೊಡುತ್ತಾಳೆ, ಮಗುವಿಗೆ ಜ್ವರ ಬಂದರೆ ಜೊತೆಗೆ ಆಸ್ಪತ್ರೆಗೆ ಬರುತ್ತಾಳೆ.

ಗಂಡಸರಿಗೆ ಹುಲಿ-ಕುರಿ ಹೆಚ್ಚು ಇಷ್ಟ. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಜಾಗಕ್ಕೆ ಇಳಿದರೆ ಕುರಿ ಸತ್ತಿತು. ಕುರಿ ಯಾರನ್ನೂ ಕೊಲ್ಲಲಾರದು. ಆದರೆ ಹಿಂದೆ ಇನ್ನೊಂದು ಕುರಿ ಒತ್ತಾಗಿ ನಿಂತಿದ್ದರೆ ಹುಲಿ ಹಾರಲಾರದು. ಮೂರೂ ಹುಲಿಗೆ ದಾರಿ ಕಟ್ಟಿದರೆ ಕುರಿಯವನೇ ಗೆದ್ದ. ಇಲ್ಲಿ ಬೀಜ ಎಸೆಯೋದಿಲ್ಲ, ಅದೃಷ್ಟದ ಮಾತೇ ಇಲ್ಲ. ಅದಕ್ಕೇ ಸೋತವನಿಗೆ ಸಿಟ್ಟು ಸ್ವಲ್ಪ ಜಾಸ್ತಿ!

ಅಳಗುಳಿ ಮಣೆಯೂ ಒಳ್ಳೆಯದು. 2 ಸಾಲು, ಸಾಲಿಗೆ 7 ಕುಳಿ. ಕೂಡಿಸೋದು ಬೇಗ ಕೈಗೆ ಹತ್ತುತ್ತದೆ.

ಒಂದು ಮಾತು ನೆನಪಿಡಿ. ನಾಲ್ಕು ಜನರನ್ನು ಕೂಡಿಸುವಾಗ ಒಂದೇ ಮನೆಯವರನ್ನು, ಒಂದೇ ಓಣಿಯವರನ್ನು ಕೂಡಿಸಬೇಡಿ. ತಾಂಡಾದಿಂದ ಬಂದವರು, ಊರಿನವರು, ಮುದುಕರು, ಹುಡುಗಿಯರು, ಎಲ್ಲರೂ ಬೆರೆಯಲಿ. ಆಡಿದವರ ಹೆಸರು ಬರೆಯಿರಿ. ಹೆಸರಿನ ಮುಂದೆ ಎಷ್ಟು ಕಾಯಿ ಹಣ್ಣಾಯಿತು ಎಂದು ಅವರೇ ಬರೆಯಲಿ.

ಲೆಕ್ಕ ಮಾಡಿ:

1. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8 ಮನೆ, ನಡುವೆ 1 ಮನೆ. ಒಟ್ಟು ಎಷ್ಟು?

2. ಕಾಯಿ ಹಣ್ಣಾಗಲು 24 ಹೆಜ್ಜೆ ಬೇಕು. ನಿಮ್ಮ ಕಾಯಿ 17 ಹೆಜ್ಜೆ ನಡೆದಿದೆ. ಈಗ ಬಾರಾ ಬಿತ್ತು. ಈ ಕಾಯಿ ನಡೆಸಬಹುದೇ? ಪಕ್ಕದವರ ಜೊತೆ ಮಾತಾಡಿ ಉತ್ತರ ಬರೆಯಿರಿ.