ಗುಡ್ಡದ ನೀರು, ಸೂರಿನ ಬಿಸಿಲು
(ವಾಳೆಯ ಕೂಟಗಳಲ್ಲಿ ಓದಿ ಚರ್ಚಿಸಲು)

ನಮ್ಮ ನಾಡಿನ ಹಿರಿಯರು ಎಂಜಿನಿಯರಿಂಗ್ ಕಲಿತವರಲ್ಲ. ಆದರೂ ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ಒಬ್ಬರೇ ನುಸುಳುವಷ್ಟು ಅಗಲದ ಸುರಂಗ ಕೊರೆದು, ಮುರಕಲ್ಲಿನೊಳಗೆ ಜಿನುಗುವ ನೀರನ್ನು ತೋಟಕ್ಕೆ ತಂದರು. ನೆಲದ ಇಳಿಜಾರಿನಲ್ಲಿ ನೀರು ತಾನಾಗಿ ಹರಿಯುತ್ತದೆ. ಪಂಪು ಬೇಡ, ಡೀಸೆಲ್ ಬೇಡ. ಇಂದು ನಾವು ಕೊಳವೆಬಾವಿಯ ಆಳದಿಂದ ಕರೆಂಟಿನ ಬಲದಲ್ಲಿ ನೀರೆತ್ತುತ್ತೇವೆ. ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲು ಉರಿಸಿ ಬರುವಂಥದ್ದು. ಆ ಹೊಗೆ ಭೂಮಿಯನ್ನು ಬಿಸಿಯಾಗಿಸುತ್ತದೆ. ಮಳೆಗಾಲದ ಹದ ಕೆಡುತ್ತದೆ.

ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಕಲ್ಲಿದ್ದಲು, ತೈಲಗಳ ಬಳಕೆಯನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದು ತಿಳಿಸಿದರು. ಅದಕ್ಕೂ ಮೊದಲೇ, 2008ರಲ್ಲಿ, ವ್ಯಾಟಿಕನ್ನಿನ ಆರನೇ ಪೌಲ್ ಸಭಾಂಗಣದ ಮಾಡಿನ ಮೇಲೆ ಸುಮಾರು 2,400 ಸೌರಫಲಕಗಳನ್ನು ಹಾಕಲಾಗಿತ್ತು.

ನಮ್ಮ ಜಿಲ್ಲೆಯೂ ಹಿಂದುಳಿದಿಲ್ಲ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವ್ಯಾಟಿನ ಸೌರಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಇದು ಸಂತೋಷದ ಸಂಗತಿ. ಆದರೆ ಒಂದು ಮಾತನ್ನು ಮರೆಯಬಾರದು: ನಮ್ಮ ಪದವುಗಳು ನೋಡಲು ಬರಡಾದರೂ ಬರಿದಲ್ಲ. ಮಳೆನೀರು ಅಲ್ಲಿ ಇಂಗಿ ಕೆಳಗಿನ ಬಾವಿ, ಸುರಂಗಗಳಿಗೆ ಇಳಿಯುತ್ತದೆ. ದನಗಳಿಗೆ ಹುಲ್ಲೂ ಅಲ್ಲಿಯದೇ. ಆದ್ದರಿಂದ ಹೊಸ ಜಾಗ ಹುಡುಕುವ ಮೊದಲು, ಈಗಾಗಲೇ ಕಟ್ಟಿರುವ ಮಾಡುಗಳನ್ನು ನೋಡುವುದು ಜಾಣತನ.

ಲೆಕ್ಕ ಸರಳ. 3 ಕಿಲೋವ್ಯಾಟ್ ಘಟಕಕ್ಕೆ ನೆರಳಿಲ್ಲದ ಸುಮಾರು 300 ಚದರ ಅಡಿ ಸಾಕು. ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯುನಿಟ್ ಸಿಗುತ್ತದೆ. ಆಷಾಢದ ಮೋಡದಲ್ಲಿ ಬಹಳ ಕಡಿಮೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಇಷ್ಟು ದೊಡ್ಡ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ.

ಹಾಕಿಸುವ ಮುನ್ನ ಎರಡು ವಿಷಯ ತಿಳಿದಿರಲಿ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸಾಮಾನ್ಯ ಘಟಕ, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ; ಲೈನಿನಲ್ಲಿ ಕೆಲಸ ಮಾಡುವವರ ಜೀವ ಉಳಿಸಲು ಹಾಗೆ ಮಾಡಿರುವುದು. ಇನ್ನೊಂದು, ಸೌರವಿದ್ಯುತ್ ಹಗಲು ಹೆಚ್ಚು ಸಿಗುತ್ತದೆ, ಬೇಡಿಕೆ ಏರುವುದು ಸಂಜೆಯ ಮೇಲೆ. ಆದುದರಿಂದ ತೋಟದ ಪಂಪು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿಪೆಟ್ಟಿಗೆ ಇವನ್ನೆಲ್ಲ ನಡುಹಗಲಿಗೆ ಬದಲಾಯಿಸಿಕೊಳ್ಳೋಣ. ಫಲಕ ಹಾಕಿಸಲಾಗದ ಮನೆಯವರೂ ದಂಡ ಉರಿಯುವ ದೀಪ ಆರಿಸಬಹುದು, ಅದಕ್ಕೆ ಖರ್ಚಿಲ್ಲ.

ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಲು ಮಾತ್ರವಲ್ಲ, ಕಾಯಲು ಕೂಡ (ಆದಿಕಾಂಡ 2:15). ಹಿರಿಯರು ಗುಡ್ಡದಿಂದ ಬೇಕಾದಷ್ಟೇ ಪಡೆದು ಗುಡ್ಡವನ್ನು ಉಳಿಸಿದರು. ನಮ್ಮ ಮಕ್ಕಳಿಗೆ ನಾವು ಉಳಿಸುವುದೇನು?

ಚರ್ಚೆಗೆ:
1. ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಯುನಿಟ್ ಖರ್ಚಾಗುತ್ತದೆ? ಬಿಲ್ಲು ತಂದು ನೋಡೋಣ.
2. ದೇವಾಲಯ, ಶಾಲೆ, ಸಭಾಭವನಗಳ ಯಾವ ಮಾಡಿಗೆ ದಿನವಿಡೀ ಬಿಸಿಲು ಬೀಳುತ್ತದೆ?
3. ನಮ್ಮ ವಾಳೆಯಲ್ಲಿ ಇನ್ನೂ ನೀರು ಕೊಡುವ ಸುರಂಗಗಳು ಎಷ್ಟು? ಅವುಗಳ ಮೇಲಿನ ಗುಡ್ಡವನ್ನು ಕಾಯುವವರು ಯಾರು?